ಅಜ್ಜಿಯ ಜಾಲರಿ ಬೀರುವಿಗೆ ಚಾಕ್ ಪೇಂಟ್: ಒಂದೂವರೆ ವರ್ಷ ಬಳಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಚಾಕ್ ಪೇಂಟ್, ಅಂದರೆ ಹಳೇ ಮರದ ಸಾಮಾನಿಗೆ ಬಳಿಯುವ ಹೊಳಪಿಲ್ಲದ ಬಣ್ಣ, ನನಗೆ ತುಂಬಾ ಹಿಡಿಸಿದೆ. ಆದರೆ ಎಲ್ಲಾ ಮರಕ್ಕೂ ಅದು ಬೇಡ, ಎಲ್ಲಾ ಊರಿಗೂ ಅದು ಒಗ್ಗುವುದಿಲ್ಲ. ತಗೊಳ್ಳುವ ಮುಂಚೆ ನಾನು ಬೇಕಾದಷ್ಟು ವಿಮರ್ಶೆ ಓದಿದ್ದೆ. ಎಲ್ಲರೂ ಬಣ್ಣ ಬಳಿದ ದಿನವೇ ಫೋಟೋ ತೆಗೆದು ಐದು ಸ್ಟಾರ್ ಕೊಟ್ಟಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಏನಾಯಿತು, ಬಿಸಿ ಪಾತ್ರೆ ಇಟ್ಟರೆ ಏನಾಗುತ್ತದೆ ಅಂತ ಬರೆದವರು ಸಿಗಲಿಲ್ಲ. ನಾನು ಬಳಿದದ್ದು ಕಳೆದ ವರ್ಷದ ಯುಗಾದಿ ಹೊತ್ತಿಗೆ. ಎರಡು ಮಳೆಗಾಲ, ಎರಡು ಬೇಸಿಗೆ ಆಗಿದೆ. ಈಗ ಬರೆಯಬಹುದು ಅನ್ನಿಸಿತು.

ಮಲೆನಾಡಿನ ಸಾಗರದ ಹತ್ತಿರ ನಮ್ಮ ಅಜ್ಜಿ ಮನೆಯಲ್ಲಿ ಒಂದು ಜಾಲರಿ ಬೀರು ಇತ್ತು. ಹಾಲು, ಮೊಸರು, ಬೆಣ್ಣೆ ಇಡುವುದಕ್ಕೆ. ಹಲಸಿನ ಮರದ್ದು. ಬಾಗಿಲಿಗೆ ತಂತಿ ಜಾಲರಿ, ಇರುವೆ ಹತ್ತದ ಹಾಗೆ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಫ್ರಿಜ್ ಬಂದ ಮೇಲೆ ಅದು ಅಟ್ಟ ಸೇರಿತು. ಯಾವ ಕಾಲದಲ್ಲೋ ಹೊರಮೈಗೆ ಹಸಿರು ಆಯಿಲ್ ಪೇಂಟ್ ಬಳಿದಿದ್ದರು, ಒಳಗೆ ಮಾತ್ರ ಬರೀ ಮರ. ಮನೆ ರಿಪೇರಿ ಮಾಡಿಸುವಾಗ ಚಿಕ್ಕಪ್ಪ, "ಇದು ಬಚ್ಚಲೊಲೆಗೇ ಸರಿ" ಅಂದರು. ನನಗೆ ಮನಸ್ಸು ಬರಲಿಲ್ಲ. ಅಡಿಕೆ ಮೂಟೆಯ ಜೊತೆ ಗಾಡಿಗೆ ಹಾಕಿಸಿ ಬೆಂಗಳೂರಿಗೆ ತರಿಸಿಕೊಂಡೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಶ್ಯಾಬಿ ಶೀಕ್. ಕೆಲವರು ಚಿಕ್ ಅಂತಾರೆ, ಅದು ಫ್ರೆಂಚ್ ಪದ, ಶೀಕ್ ಅನ್ನಬೇಕು. ಮಾಸಿದ ಬಿಳಿ, ಕೆನೆ ಬಣ್ಣ, ತೆಳು ಗುಲಾಬಿ, ತೆಳು ನೀಲಿ. ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುವ ಮೇಜು, ಬೀರು. ತೊಳೆದು ತೊಳೆದು ಮೆತ್ತಗಾದ ಹೂವಿನ ಬಟ್ಟೆ. ಹಳೆಯ ವಸ್ತುವನ್ನು ಹಳೆಯದಾಗಿಯೇ ಇರಗೊಟ್ಟು, ಅದರ ಸವೆತವನ್ನೇ ಚೆಂದ ಅಂತ ಕಾಣುವ ರೀತಿ ಇದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರೇಚಲ್ ಆಶ್ವೆಲ್ 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿ ತೆರೆದರು. ಸಂತೆಯಲ್ಲಿ ಸಿಕ್ಕ ಹಳೆಯ ಪೀಠೋಪಕರಣ, ಸೋಫಾಗೆ ತೊಳೆಯಲು ಬರುವ ಬಿಳಿ ಹತ್ತಿಯ ಗವಸು. ಮನೆಯಲ್ಲಿ ಮಕ್ಕಳಿದ್ದರೂ ನಡೆಯುವಂಥ ಅಲಂಕಾರ ಅದು. ಆ ಒಂದು ಮಾತಿಗೇ ನಾನು ಅದರ ಕಡೆ ವಾಲಿದೆ. ನಮ್ಮ ಮನೆಯಲ್ಲೂ ಆರು ವರ್ಷದ ಮಗ ಇದ್ದಾನೆ.

ಇನ್ನು ಚಾಕ್ ಪೇಂಟ್. ಕಪ್ಪು ಹಲಗೆಗೆ ಬಳಿಯುವ ಪೇಂಟ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೇಳಿದರೆ ಎರಡು ಸಲ ನನಗೆ ಹಲಗೆ ಪೇಂಟನ್ನೇ ಕೊಟ್ಟರು, ಡಬ್ಬಿ ಮೇಲೆ ಓದಿ ತಗೊಳ್ಳಿ. ಇದು ಒಣಗಿದ ಮೇಲೆ ಸೀಮೆಸುಣ್ಣದ ಹಾಗೆ ಹೊಳಪಿಲ್ಲದೆ ಕೂರುತ್ತದೆ, ಅದಕ್ಕೆ ಆ ಹೆಸರು. 1990ರಲ್ಲಿ ಬ್ರಿಟನ್ನಿನ ಆನಿ ಸ್ಲೋನ್ ಇದನ್ನು ಮಾರುಕಟ್ಟೆಗೆ ತಂದರು. ಈಗ ಎಷ್ಟೋ ಕಂಪನಿಗಳು ಮಾಡುತ್ತವೆ. ನಾನು ತಗೊಂಡದ್ದು ಆನಿ ಸ್ಲೋನ್ ಅವರದ್ದಲ್ಲ, ನಮ್ಮ ದೇಶದಲ್ಲೇ ತಯಾರಾಗುವ ಒಂದು ಸಣ್ಣ ಕಂಪನಿಯದ್ದು, ಅರ್ಧ ಲೀಟರ್ ಡಬ್ಬಿ, ಕೆನೆ ಬಿಳಿ. ಪೇಂಟಿಗೆ 950 ರೂಪಾಯಿ, ಅದರ ಮೇಲೆ ಹಚ್ಚುವ ಮೇಣಕ್ಕೆ 600, ಒಂದು ಒಳ್ಳೆ ಬ್ರಷ್, ಎಮೆರಿ ಪೇಪರ್, ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಡಬ್ಬಿಯ ಮೇಲೆ "ಉಜ್ಜುವ ಕೆಲಸ ಬೇಡ, ಪ್ರೈಮರ್ ಬೇಡ, ನೇರ ಬಳಿಯಿರಿ" ಅಂತ ಇರುತ್ತದೆ ಅಲ್ವಾ, ಅದು ಅರ್ಧ ನಿಜ. ಪೇಂಟ್ ನಿಜವಾಗಿಯೂ ಚೆನ್ನಾಗಿ ಹಿಡಿಯುತ್ತದೆ, ಹಳೆಯ ಆಯಿಲ್ ಪೇಂಟಿನ ಮೇಲೂ, ವಾರ್ನಿಶ್ ಮೇಲೂ. ಆದರೆ ಜಿಡ್ಡಿನ ಮೇಲೆ ಯಾವುದೂ ಹಿಡಿಯುವುದಿಲ್ಲ. ಅಡುಗೆಮನೆಯಲ್ಲಿ ನಲವತ್ತು ಐವತ್ತು ವರ್ಷ ನಿಂತ ಬೀರು ಅಂದರೆ ಮೈತುಂಬಾ ಒಗ್ಗರಣೆ ಜಿಡ್ಡು, ಅದರ ಮೇಲೆ ಸೌದೆ ಒಲೆಯ ಹೊಗೆ. ವಾಷಿಂಗ್ ಸೋಡಾ ಬಿಸಿನೀರಿನಲ್ಲಿ ಕರಗಿಸಿ, ತೆಂಗಿನ ನಾರಿನಿಂದ ಮೂರು ಸಲ ಉಜ್ಜಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ ಎರಡು ದಿನ ಬಿಸಿಲಿಗಿಟ್ಟೆ. ಹಾಗೆ ಮಾಡಿದರೂ ಕೆಳಗಿನ ಪಟ್ಟಿಯ ಹಿಂಬದಿ ಬಿಟ್ಟುಹೋಗಿತ್ತು. ಇಡೀ ಬೀರುವಿನಲ್ಲಿ ಇವತ್ತಿಗೂ ಬಣ್ಣ ಸಿಪ್ಪೆ ಎದ್ದಿರುವುದು ಅದೊಂದೇ ಜಾಗದಲ್ಲಿ.

ಇಲ್ಲಿ ಒಂದು ಮಾತು, ದಯವಿಟ್ಟು ಓದದೆ ಮುಂದೆ ಹೋಗಬೇಡಿ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿ ಆದದ್ದು 2017ರ ನವೆಂಬರಿನಿಂದ. ಅಂದರೆ ಅಜ್ಜಿ ಕಾಲದ ಹಸಿರು, ನೀಲಿ, ಹಳದಿ ಯಾವುದನ್ನೂ ನಂಬುವ ಹಾಗಿಲ್ಲ. ಒಣಗಿದ ಬಣ್ಣವನ್ನು ಹಾಗೇ ಉಜ್ಜಿದರೆ ಧೂಳು ಗಾಳಿಗೆ ಸೇರುತ್ತದೆ, ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು, ಮಿದುಳಿನ ಬೆಳವಣಿಗೆಗೇ ಪೆಟ್ಟು. ನಾನು ಮಗನನ್ನು ಅಮ್ಮನ ಮನೆಗೆ ಕಳಿಸಿ, ಟೆರೇಸಿನಲ್ಲಿ ಪ್ಲಾಸ್ಟಿಕ್ ಹಾಸಿ, ಮಾಸ್ಕ್ ಹಾಕಿಕೊಂಡು, ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದೆ. ಬಂದ ಕೆಸರನ್ನು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬೇರೆ ಇಟ್ಟು ಹಾಕಿದೆ. ಶ್ಯಾಬಿ ಶೀಕ್ ವಿಡಿಯೋಗಳಲ್ಲಿ ಕಿಟಕಿ ಮುಚ್ಚಿದ ರೂಮಿನಲ್ಲಿ, ಪಕ್ಕದಲ್ಲಿ ಮಗು ಆಡುತ್ತಿರುವಾಗ ಹಳೇ ಬಣ್ಣ ಕೆರೆಯುತ್ತಿರುತ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತದೆ.

ಬಳಿಯುವುದು ಸುಲಭ, ಸುಖ ಕೂಡ. ನೀರಿನ ಬಣ್ಣವಾದ್ದರಿಂದ ವಾಸನೆ ಇಲ್ಲ, ಬ್ರಷ್ ತೊಳೆಯಲು ನಲ್ಲಿ ನೀರಿನ ಕೆಳಗೆ ಹಿಡಿದರೆ ಸಾಕು. ಗಟ್ಟಿ ಇರುವುದರಿಂದ ಸೋರುವುದಿಲ್ಲ. ಒಂದು ಗಂಟೆಯಲ್ಲಿ ಒಣಗಿತು. ಬ್ರಷ್ ಗೆರೆ ಕಾಣುತ್ತದೆ, ಈ ಶೈಲಿಗೆ ಅದೇ ಚೆಂದ. ಬೇಡ ಅನ್ನಿಸಿದರೆ ಎರಡನೇ ಕೋಟ್ ಬಳಿಯುವಾಗ ಸ್ವಲ್ಪ ನೀರು ಬೆರೆಸಿ. ಅರ್ಧ ಲೀಟರಿನಲ್ಲಿ ಬೀರುವಿಗೆ ಎರಡು ಕೋಟ್ ಆಗಿ, ಒಂದು ಸಣ್ಣ ಬೆಂಚಿಗೂ ಉಳಿಯಿತು.

ಮೊದಲ ಕೋಟ್ ಹೊರಗೆ ಚೆನ್ನಾಗಿಯೇ ಬಂತು. ಒಳಗಿನ ಹಲಗೆಗಳಲ್ಲಿ ಮಾತ್ರ ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಹಳದಿ ಕಲೆ. ಇನ್ನೊಂದು ಕೋಟ್ ಬಳಿದೆ, ಮತ್ತೆ ಹಳದಿ. ಪೇಂಟ್ ಕೆಟ್ಟಿದೆ ಅಂದುಕೊಂಡು ಕಂಪನಿಗೆ ಬಯ್ದು ಬರೆಯುವುದಕ್ಕೂ ಕೂತಿದ್ದೆ. ಆಮೇಲೆ ನಮ್ಮ ಬೀದಿಯ ಆಚಾರ್ರನ್ನು ಕರೆದು ತೋರಿಸಿದೆ. ಅವರು ಉಗುರಿನಿಂದ ಕೆರೆದು, "ಅಕ್ಕಾ, ಇದು ಹಲಸು. ಹಲಸು ಬಣ್ಣ ಬಿಡುತ್ತೆ. ನೀವು ಹತ್ತು ಸಲ ಬಳಿದ್ರೂ ಅದು ಮೇಲೆ ಬರುತ್ತೆ" ಅಂದರು. ಹೌದಲ್ಲ! ಹಲಸಿನ ಮರದ ತಿರುಳಿನಿಂದಲೇ ಹಿಂದೆ ಭಿಕ್ಷುಗಳ ಬಟ್ಟೆಗೆ ಹಳದಿ ಬಣ್ಣ ಕಟ್ಟುತ್ತಿದ್ದರು. ಆ ಬಣ್ಣ ನೀರಿನ ಪೇಂಟಿಗೆ ಕರಗಿ ಮೇಲೆ ಬರುತ್ತದೆ. ಹೊರಗೆ ಆಯಿಲ್ ಪೇಂಟ್ ಅಡ್ಡ ಇದ್ದಿದ್ದರಿಂದ ಅಲ್ಲಿ ಬಂದಿರಲಿಲ್ಲ.

ಆಚಾರ್ರು ಹೇಳಿದ ಮದ್ದು ಅರಗು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಳ್ಳಗೆ ಎರಡು ಸಲ ಹಚ್ಚಬೇಕು, ಫ್ರೆಂಚ್ ಪಾಲಿಶಿಗೆ ಮಾಡುವ ಹಾಗೇ. ಚನ್ನಪಟ್ಟಣದ ಗೊಂಬೆಗಳಿಗೆ ಆ ಹೊಳಪು ಕೊಡುವುದೂ ಅರಗೇ. ಅದು ಒಣಗಿದ ಮೇಲೆ ಬಳಿದ ಪೇಂಟ್ ಇವತ್ತಿನವರೆಗೂ ಬೆಳ್ಳಗಿದೆ. ಹಲಸು, ಹೆಬ್ಬಲಸು, ತೇಗ, ಇಂಥ ಬಣ್ಣ ಬಿಡುವ ಮರ ನಮ್ಮ ಕಡೆ ಜಾಸ್ತಿ. ಪರದೇಶದ ವಿಡಿಯೋಗಳಲ್ಲಿ ಬಳಿಯುವುದು ಹೆಚ್ಚಾಗಿ ಪೈನ್ ಮರಕ್ಕೆ. ಬಿಳಿ ಬಳಿಯುವ ಮುಂಚೆ ಮರ ಯಾವುದು ಅಂತ ತಿಳಿದವರ ಹತ್ತಿರ ಕೇಳಿ.

ಅದೇ ದಿನ ಇನ್ನೊಂದು ತಪ್ಪೂ ತಪ್ಪಿತು. ಬೀರುವಿನ ಜೊತೆ ಒಂದು ತೋಳಿನ ಕುರ್ಚಿಯೂ ಊರಿಂದ ಬಂದಿತ್ತು, ಕಪ್ಪಗೆ, ಕೊಳಕಾಗಿ. ಅದಕ್ಕೂ ತೆಳು ನೀಲಿ ಬಳಿಯಬೇಕು ಅಂತಿದ್ದೆ. ಆಚಾರ್ರು ಅದರ ಕಾಲಿನ ಬುಡ ಸ್ವಲ್ಪ ಉಜ್ಜಿ, ಎಂಜಲು ಹಚ್ಚಿ ನೋಡಿದರು. ನೇರಳೆ ಮಿಶ್ರಿತ ಕಂದು, ಅದರಲ್ಲಿ ಕಪ್ಪು ಗೆರೆ. "ಬೀಟೆ ಅಕ್ಕಾ. ಇದಕ್ಕೆ ಬಣ್ಣ ಬಳಿಯೋದಾದ್ರೆ ನಾನು ಬರಲ್ಲ" ಅಂದರು. ಬಳಿಯಲಿಲ್ಲ. ಅವರೇ ಉಜ್ಜಿ ಎಣ್ಣೆ ಹಚ್ಚಿಕೊಟ್ಟರು. ಈಗ ಕೆನೆ ಬಣ್ಣದ ಬೀರುವಿನ ಪಕ್ಕ ಆ ಕಪ್ಪು ಕುರ್ಚಿ ಕೂತಿದೆ, ಒಂದರಿಂದ ಇನ್ನೊಂದು ಎದ್ದು ಕಾಣುತ್ತದೆ. ಬೀಟೆ, ಒಳ್ಳೆ ತೇಗ, ಹೊನ್ನೆ ಇವುಗಳಿಗೆ ಈ ಪೇಂಟ್ ಬಳಿಯುವುದು ನನ್ನ ಪ್ರಕಾರ ನಷ್ಟ. ಬಣ್ಣ ಬಳಿದದ್ದನ್ನು ಮತ್ತೆ ಬಿಡಿಸಬಹುದು ಅಂತ ಸುಲಭವಾಗಿ ಹೇಳುತ್ತಾರೆ. ಕೆತ್ತನೆಯ ಸಂದಿಯಲ್ಲಿ ಕೂತ ಬಿಳಿಯನ್ನು ಬಿಡಿಸಿ ನೋಡಿ, ಕೈ ಸೋಲುತ್ತದೆ.

ಈಗ ಸವೆತದ ವಿಷಯಕ್ಕೆ ಬರೋಣ, ಈ ಶೈಲಿಯ ಜೀವ ಇರುವುದೇ ಅಲ್ಲಿ. ಬಣ್ಣ ಒಣಗಿದ ಮೇಲೆ ಎಮೆರಿ ಪೇಪರಿನಿಂದ ಅಲ್ಲಲ್ಲಿ ಉಜ್ಜಿ ಕೆಳಗಿನ ಮರ ಅಥವಾ ಕೆಳಗಿನ ಬಣ್ಣ ಕಾಣಿಸಬೇಕು. ನಾನು 220 ನಂಬರಿನದ್ದು ಬಳಸಿದೆ. ಎರಡು ಬಣ್ಣ ಬಳಿಯುವುದಾದರೆ ನಡುವೆ ಅಂಚಿಗೆ ಮೇಣದ ಬತ್ತಿ ಉಜ್ಜಿ, ಅಲ್ಲಿ ಮೇಲಿನ ಬಣ್ಣ ಹಿಡಿಯುವುದಿಲ್ಲ, ಒರೆಸಿದರೆ ಕಿತ್ತು ಬರುತ್ತದೆ. ನಾನು ಹಳೇ ಹಸಿರನ್ನೇ ಕೆಳಗಿನ ಬಣ್ಣವಾಗಿ ಬಿಡಬೇಕು ಅಂದುಕೊಂಡಿದ್ದೆ, ಸೀಸದ ಯೋಚನೆ ಬಂದು ಬಿಟ್ಟೆ. ಬೇರೆ ಹಸಿರು ಚಾಕ್ ಪೇಂಟನ್ನು ಅಂಚಿಗೆ ಮಾತ್ರ ಬಳಿದು, ಮೇಣದ ಬತ್ತಿ ಉಜ್ಜಿ, ಮೇಲೆ ಕೆನೆ ಬಳಿದೆ. ಅಜ್ಜಿಯ ಹಸಿರಿಗೆ ತೀರಾ ಹತ್ತಿರದ ಬಣ್ಣವೇ ಸಿಕ್ಕಿತು.

ಎಲ್ಲಿ ಉಜ್ಜಬೇಕು? ಕೆಲಸಕ್ಕೆ ಕೂರುವ ಮುಂಚೆಯೇ ಬೀರು ಅದನ್ನು ತೋರಿಸಿತ್ತು. ಬಲಗಡೆ ಬಾಗಿಲಿನ ಅಂಚು, ಚಿಲಕದ ಮೇಲೆ ನಾಲ್ಕು ಬೆರಳಗಲ, ನುಣ್ಣಗೆ ತಗ್ಗಾಗಿತ್ತು. ಅಜ್ಜಿ ಎಡಗೈಯಲ್ಲಿ ಹಾಲಿನ ಪಾತ್ರೆ ಹಿಡಿದು ಬಲಗೈಯಲ್ಲಿ ಎಳೆಯುತ್ತಿದ್ದ ಜಾಗ ಅದು. ಎಡಗಡೆ ಬಾಗಿಲಿಗೆ ಅಂಥದ್ದೇನೂ ಇಲ್ಲ. ಕಾಲುಗಳ ಬುಡದಲ್ಲಿ ನೀರಿನ ಬಟ್ಟಲಿನ ಮಟ್ಟಕ್ಕೆ ಒಂದು ಗೆರೆ. ಮೇಲಿನ ಮುಂದಿನ ಮೂಲೆ ಎರಡೂ ದುಂಡಗೆ. ನಾನು ಅಷ್ಟೇ ಕಡೆ ಉಜ್ಜಿದೆ, ಬೇರೆ ಎಲ್ಲೂ ಕೈ ಹಚ್ಚಲಿಲ್ಲ. ಬಂದವರು ಯಾರೂ ಇದನ್ನು ಹೊಸದಾಗಿ ಬಳಿದದ್ದು ಅಂತ ಹಿಡಿಯುವುದಿಲ್ಲ. ಸವೆತ ಕೈ ಹೋಗುವ ಕಡೆ, ಕಾಲು ತಾಗುವ ಕಡೆ, ಪೊರಕೆ ಬಡಿಯುವ ಕಡೆ ಆಗುತ್ತದೆ. ಬಾಗಿಲಿನ ನಟ್ಟನಡುವೆ ಆಗುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಬೀರು ಮಾಡುವ ಮೊದಲು ಆನ್‌ಲೈನಿನಲ್ಲಿ ಒಂದು ಸಣ್ಣ ಮೇಜು ತರಿಸಿದ್ದೆ, ಶ್ಯಾಬಿ ಶೀಕ್ ಅಂತಲೇ ಬರೆದಿದ್ದರು, ನಾಲ್ಕೂವರೆ ಸಾವಿರ. ಯಾರು ಮಾರಿದರು ಅಂತ ಹೇಳುವುದಿಲ್ಲ. ಬಂದದ್ದು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ನಾಲ್ಕೂ ಕಾಲಿಗೆ ಅಳತೆ ಹಿಡಿದ ಹಾಗೆ ಒಂದೇ ಎತ್ತರದಲ್ಲಿ, ಒಂದೇ ಆಕಾರದ ಸವೆತ. ಮುಟ್ಟಿದರೆ ನುಣುಪು, ಸವೆದ ಜಾಗವೂ ಪ್ರಿಂಟ್ ಮಾಡಿದ್ದು! ನೆಲ ಒರೆಸುವ ನೀರಿಗೆ ಆರೇ ತಿಂಗಳಲ್ಲಿ ಕಾಲಿನ ಬುಡ ಊದಿಕೊಂಡು ಬಿರಿಯಿತು. ಹಳೆಯದನ್ನು ಎಸೆಯದೆ ಉಳಿಸಿಕೊಳ್ಳುವುದು ಈ ಶೈಲಿಯ ಅರ್ಥ. ಹೊಸದನ್ನು ಹಳೆಯದರ ಹಾಗೆ ಪ್ರಿಂಟ್ ಮಾಡಿ, ವರ್ಷದೊಳಗೆ ಕಸಕ್ಕೆ ಹೋಗುವ ಹಾಗೆ ಮಾರುವುದನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದರ ಅರ್ಧ ದುಡ್ಡಿಗೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅಥವಾ ನಿಮ್ಮ ಊರಿನ ಹಳೇ ಸಾಮಾನಿನವರ ಹತ್ತಿರ ಗಟ್ಟಿ ಮರದ ಸ್ಟೂಲೋ ಪೆಟ್ಟಿಗೆಯೋ ಸಿಗುತ್ತದೆ. ತರುವ ಮುಂಚೆ ತಿರುಗಿಸಿ ತಳ ನೋಡಿ. ಸೂಜಿ ಮೊನೆಯಷ್ಟು ತೂತು, ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಇನ್ನೂ ಹುಳ ಇದೆ. ಅದನ್ನು ಮನೆಯೊಳಗೆ ತರಬೇಡಿ.

ಮೇಣದ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಊರಿಗೆ ಎರಡು ಥರ. ಚಾಕ್ ಪೇಂಟನ್ನು ಬರೀ ಬಿಟ್ಟರೆ ಕೈಯ ಕೊಳೆ, ನೀರು ಎಲ್ಲಾ ಹೀರುತ್ತದೆ, ಮೇಲೆ ಏನಾದರೂ ಹಚ್ಚಲೇಬೇಕು. ಸಾಂಪ್ರದಾಯಿಕವಾಗಿ ಹಚ್ಚುವುದು ಮೇಣ. ಹಳೇ ಪಂಚೆ ತುಂಡಿನಲ್ಲಿ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ರೇಷ್ಮೆಯಂಥ ಮೆದು ಹೊಳಪು ಬರುತ್ತದೆ. ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಭಾರ ಇಡಬೇಡಿ. ಬೆಂಗಳೂರಿನ ಬೀರುವಿಗೆ ಇದು ಚೆನ್ನಾಗಿ ಕೂತಿದೆ. ಒಂದು ಸಲ ಬಿಸಿ ಕಾಫಿ ಲೋಟ ಮೇಲಿಟ್ಟು ದುಂಡಗೆ ಗುರುತು ಬಿತ್ತು, ಮತ್ತೆ ಮೇಣ ತಿಕ್ಕಿದ ಮೇಲೆ ಮುಕ್ಕಾಲು ಹೋಯಿತು. ವರ್ಷಕ್ಕೊಮ್ಮೆ ಮೇಣ ಹಚ್ಚಬೇಕಾಗುತ್ತದೆ. ಊಟದ ಮೇಜಿಗೆ ಮಾತ್ರ ಮೇಣ ಬೇಡವೇ ಬೇಡ, ಸಾರು ಚೆಲ್ಲಿದರೆ ಅರಿಸಿನ ಇಳಿದುಬಿಡುತ್ತದೆ.

ಉಳಿದ ಪೇಂಟಿನಲ್ಲಿ ಬೆಂಚು ಬಳಿದೆ ಅಂದೆನಲ್ಲ, ಅದು ಸಾಗರದ ಮನೆಯ ಜಗಲಿಗೆ. ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲದ ಮೇಲೆ ಕೆನೆ ಬೆಂಚು, ನೋಡಲು ಕಣ್ಣಿಗೆ ಹಬ್ಬ. ಆಷಾಢದಲ್ಲಿ ಅಮ್ಮ ಫೋನ್ ಮಾಡಿ, "ನಿನ್ನ ಬೆಂಚಿಗೆ ಬೂಷ್ಟು ಬಂದಿದೆ ಕಣೇ" ಅಂದರು. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದರೂ ಶ್ರಾವಣ ಮುಗಿಯುವವರೆಗೆ ಬರುತ್ತಲೇ ಇತ್ತು. ಮೈಯೂ ಅಂಟು ಅಂಟು. ಈ ವರ್ಷವೂ ಅದೇ ಕಥೆ. ಮಲೆನಾಡು, ಕರಾವಳಿಯವರು ಮೇಣದ ಆಸೆ ಬಿಟ್ಟು, ಹೊಳಪಿಲ್ಲದ ನೀರಿನ ವಾರ್ನಿಶ್ ಹಚ್ಚುವುದು ಒಳ್ಳೆಯದು ಅಂತ ಕಾಣುತ್ತದೆ. ಆ ರೇಷ್ಮೆ ಮೆದು ಬರುವುದಿಲ್ಲ, ನಿಜ.

ಕಬ್ಬಿಣದ ಟ್ರಂಕಿಗೂ ಬಳಿದೆ. ಇದಕ್ಕೆ ಮನೆಯಲ್ಲೇ ಮಾಡಿಕೊಂಡ ಪೇಂಟ್: ಗೋಡೆಗೆ ಬಳಿಯುವ ಎಮಲ್ಶನ್ ಮೂರು ಪಾಲು, ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಪಾಲು. ಪುಡಿಯನ್ನು ಮೊದಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಪೇಂಟಿಗೆ ಹಾಕಬೇಕು, ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು. ನೂರು ರೂಪಾಯಿ ಒಳಗೆ ಕೆಲಸ ಆಗುತ್ತದೆ. ಕೊಂಡ ಪೇಂಟಿನಷ್ಟು ನುಣುಪು ಬರಲಿಲ್ಲ, ಸ್ವಲ್ಪ ತರಿ ತರಿ, ಮೊದಲ ಸಲ ಪ್ರಯತ್ನಿಸುವವರಿಗೆ ಇದೇ ಸಾಕು. ಟ್ರಂಕಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಪ್ರೈಮರ್ ಹಾಕದೆ ಬಳಿದರೆ ಮಾತ್ರ ಮೂರೇ ದಿನದಲ್ಲಿ ತುಕ್ಕಿನ ಕಲೆ ಮೇಲೆ ಬರುತ್ತದೆ. ಮುಚ್ಚಳದ ಒಳಗೆ ನನಗೆ ಬಂದಿದೆ.

ಬಟ್ಟೆಯ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಶ್ಯಾಬಿ ಶೀಕ್ ಮನೆ ಅಂದರೆ ಮಾಸಿದ ಹೂವಿನ ಬಟ್ಟೆ ಬೇಕೇ ಬೇಕು, ಇಂಗ್ಲಿಷರು ಅದಕ್ಕೆ ಚಿಂಟ್ಜ್ ಅಂತಾರೆ. ಆ ಪದ ಹೋದದ್ದು ನಮ್ಮ ದೇಶದಿಂದಲೇ, ಛೀಂಟ್ ಅನ್ನುವುದರಿಂದ. ಅಜ್ಜಿ ಹೂವಿನ ಅಚ್ಚಿನ ಹತ್ತಿ ಬಟ್ಟೆಯನ್ನು ಚೀಟಿ ಬಟ್ಟೆ ಅನ್ನುತ್ತಿದ್ದರು, ಎರಡೂ ಒಂದೇ ಬಳ್ಳಿಯ ಮಾತು. 17ನೇ ಶತಮಾನದಲ್ಲಿ ಕೋರಮಂಡಲ ಕರಾವಳಿಯಿಂದ ಹಡಗು ಹತ್ತಿದ ಈ ಬಟ್ಟೆಗೆ ಇಂಗ್ಲೆಂಡಿನವರು ಎಷ್ಟು ಮರುಳಾದರು ಅಂದರೆ, ಅಲ್ಲಿನ ಉಣ್ಣೆ, ರೇಷ್ಮೆ ನೇಯುವವರ ಗಲಾಟೆಗೆ 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾನೂನು ತಂದು ತಡೆಯಬೇಕಾಯಿತು. ಹೀಗಿರುವಾಗ ಇದೇ ಶೈಲಿ ಅಂತ ಎರಡು ಸಾವಿರ ಕೊಟ್ಟು ಹೊರಗಿನ ಪಾಲಿಯೆಸ್ಟರ್ ದಿಂಬಿನ ಚೀಲ ಯಾಕೆ ತರಬೇಕು? ನಾನು ಅಮ್ಮನ ಎರಡು ಹಳೇ ಹತ್ತಿ ಸೀರೆ ಕತ್ತರಿಸಿ ಪರದೆ, ದಿಂಬಿನ ಚೀಲ ಹೊಲಿದೆ. ಸೋಫಾ ಮೇಲೆ ಗೆಳತಿಯ ಅತ್ತೆ ಬಾಗಲಕೋಟೆಯಲ್ಲಿ ಹೊಲಿದ ಕೌದಿ ಹಾಸಿದೆ. ಹತ್ತಾರು ಸೀರೆಯ ತುಂಡು, ಒಂದೊಂದು ಒಂದೊಂದು ಥರ ಮಾಸಿದ್ದು, ಮೇಲೆ ಕೈ ಹೊಲಿಗೆಯ ಸಾಲು. ಕೆನೆ ಬೀರುವಿನ ಎದುರು ಅದು ಕೂತ ಮೇಲೆ ರೂಮು ಪೂರ್ತಿ ಆಯಿತು.

ತೊಂದರೆ ಇಲ್ಲದಿಲ್ಲ. ನಮ್ಮದು ಮೇನ್ ರೋಡ್ ಪಕ್ಕದ ಮನೆ, ಬಿಳಿ ಪರದೆ ಹದಿನೈದು ದಿನಕ್ಕೆ ಕಂದಾಗುತ್ತದೆ. ಬೀರುವಿನ ಕೆಳಗಿನ ಪಟ್ಟಿಗೆ ಮಗನ ಸೈಕಲ್ ತಾಗಿ ಎರಡು ಕಡೆ ಬಣ್ಣ ಹಾರಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ, ಅದು ನಿಜವಾದ ಸವೆತ.

ಬೀರುವಿನೊಳಗೆ ಈಗ ಉಪ್ಪಿನಕಾಯಿ ಭರಣಿ, ಕಾಫಿ ಲೋಟ, ಮೇಲಿನ ಹಲಗೆಯಲ್ಲಿ ಅಜ್ಜಿಯ ಬೆಣ್ಣೆ ಗಡಿಗೆ. ಅಜ್ಜಿಗೆ ಎಂಬತ್ತೊಂಬತ್ತು. ಕಳೆದ ತಿಂಗಳು ಬಂದವರು ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತು, ಚಿಲಕದ ಮೇಲಿನ ತಗ್ಗಿಗೆ ಕೈ ಇಟ್ಟು ಬಾಗಿಲು ತೆಗೆದರು. "ಬಣ್ಣ ಚೆನ್ನಾಗಿದೆ. ಹಾಲು ಎಲ್ಲಿಟ್ಟಿದ್ದೀಯ?" ಅಂದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಬಯಲುಸೀಮೆಯ ಒಣ ಹವೆಗೆ ನಾಲ್ಕೂವರೆ, ಮಲೆನಾಡಿನಲ್ಲಿ ಮೇಣದ ಜೊತೆಗಾದರೆ ಎರಡು. ಫೆಬ್ರವರಿಯಲ್ಲಿ ಊರಿಗೆ ಹೋಗಿ ಆ ಬೆಂಚಿನ ಮೇಣವನ್ನು ಟರ್ಪೆಂಟೈನಿನಲ್ಲಿ ತೆಗೆದು ವಾರ್ನಿಶ್ ಹಚ್ಚಬೇಕು ಅಂತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದರೂ ಹಾಗೆ ಮಾಡಿ ಮಳೆಗಾಲ ದಾಟಿಸಿದ್ದರೆ ಯಾವ ವಾರ್ನಿಶ್, ಎಷ್ಟು ಕೋಟ್ ಅಂತ ತಿಳಿಸಿ.